ಕಾಲಡಿಯಲ್ಲಿ ಹರಿಯುವ ನದಿ, ಕೈಯಲ್ಲಿ ಖಾಲಿ ಕೊಡ

ಇಂಡೋನೇಷ್ಯಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಸಿರು ಗದ್ದೆಗಳು, ತೆಂಗಿನ ತೋಟಗಳು, ಧಾರಾಕಾರ ಮಳೆ. ಅದರಲ್ಲೂ ಜಾವಾ ದ್ವೀಪವಂತೂ ಜ್ವಾಲಾಮುಖಿಗಳ ಫಲವತ್ತಾದ ಮಣ್ಣಿನಿಂದಾಗಿ ವರ್ಷಕ್ಕೆ ಎರಡು ಮೂರು ಬೆಳೆ ತೆಗೆಯುವ ನಾಡು. ಅಂಥ ಜಾವಾದಲ್ಲೂ ಒಣಗಾಲದಲ್ಲಿ ಕುಡಿಯುವ ನೀರು ಕೊಳ್ಳಲು ಹಟ್ಟಿಯ ಆಡನ್ನು ಮಾರುವ ಜನರಿದ್ದಾರೆ ಎಂದರೆ ನಂಬುವಿರಾ? ಅವರಿರುವ ಪ್ರದೇಶದ ಹೆಸರು ಗುನುಂಗ್ ಕಿದುಲ್. ಇನ್ನೂ ಅಚ್ಚರಿಯ ಸಂಗತಿ ಏನೆಂದರೆ, ಆ ಜನರು ನಿಂತಿರುವ ನೆಲದ ಸುಮಾರು ನೂರು ಮೀಟರ್ ಕೆಳಗೆ ವರ್ಷವಿಡೀ ಬತ್ತದ ನದಿಗಳು ಹರಿಯುತ್ತಿವೆ!

ಬನ್ನಿ, ಈ ವಿಚಿತ್ರ ನಾಡನ್ನು ಒಮ್ಮೆ ಸುತ್ತಿ ಬರೋಣ.

ಸಾವಿರ ಬೆಟ್ಟಗಳ ನಾಡು

ಜಾವಾದ ದಕ್ಷಿಣ ಭಾಗದಲ್ಲಿ ಯೋಗ್ಯಕರ್ತಾ ಎಂಬ ಪ್ರಾಂತ್ಯವಿದೆ. ಇಂದಿಗೂ ಅಲ್ಲಿನ ಸುಲ್ತಾನರೇ ಪ್ರಾಂತ್ಯದ ಗವರ್ನರ್. ಆ ಪ್ರಾಂತ್ಯದ ಸುಮಾರು ಅರ್ಧದಷ್ಟು ಭೂಭಾಗ ಗುನುಂಗ್ ಕಿದುಲ್ ಜಿಲ್ಲೆಗೆ ಸೇರಿದೆ. ಯೋಗ್ಯಕರ್ತಾ ನಗರದಿಂದ ಆಗ್ನೇಯ ದಿಕ್ಕಿಗೆ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಬಯಲು ಮುಗಿದು ಘಾಟಿ ಆರಂಭವಾಗುತ್ತದೆ. ತಿರುವುಗಳನ್ನು ಹತ್ತಿ ಮೇಲೆ ಬಂದರೆ 'ಬುಕಿತ್ ಬಿಂತಾಂಗ್', ಅಂದರೆ ನಕ್ಷತ್ರಗಳ ಗುಡ್ಡ ಎಂಬ ತಾಣ ಸಿಗುತ್ತದೆ. ರಾತ್ರಿ ಇಲ್ಲಿಂದ ನೋಡಿದರೆ ಕೆಳಗಿನ ನಗರದ ದೀಪಗಳು ನಕ್ಷತ್ರಗಳಂತೆ ಮಿನುಗುತ್ತವೆ. ಇಲ್ಲಿ ಚಹಾ ಕುಡಿದು ಮುಂದೆ ಸಾಗಿದರೆ ಜಿಲ್ಲಾ ಕೇಂದ್ರ ವೊನೊಸಾರಿ. ಅಲ್ಲಿಂದ ದಕ್ಷಿಣಕ್ಕೆ ತಿರುಗಿದೊಡನೆ ಭೂಮಿಯ ರೂಪವೇ ಬದಲಾಗಿ ಬಿಡುತ್ತದೆ.

ರಾಶಿ ಹಾಕಿದ ಭತ್ತದಂತೆ, ಬೋರಲು ಹಾಕಿದ ಬಟ್ಟಲುಗಳಂತೆ ಕಾಣುವ ಸಣ್ಣ ಸಣ್ಣ ದುಂಡು ಗುಡ್ಡಗಳು. ಒಂದರ ಹಿಂದೆ ಒಂದು, ಕಣ್ಣು ಹಾಯಿಸಿದಷ್ಟು ದೂರ. ಇದಕ್ಕೆ ಜಾವಾದ ಜನರು 'ಗುನುಂಗ್ ಸೆವು' ಎಂದು ಹೆಸರಿಟ್ಟಿದ್ದಾರೆ. ಹಾಗೆಂದರೆ ಸಾವಿರ ಬೆಟ್ಟಗಳು ಎಂದರ್ಥ. ನಿಜವಾಗಿ ಇಲ್ಲಿನ ಗುಡ್ಡಗಳ ಸಂಖ್ಯೆ ಸುಮಾರು 40 ಸಾವಿರ ಎಂದು ಅಂದಾಜಿಸಲಾಗಿದೆ. ಗುನುಂಗ್ ಕಿದುಲ್‌ನಿಂದ ಪೂರ್ವಕ್ಕೆ ವೊನೊಗಿರಿ ಮತ್ತು ಪಚಿತಾನ್ ಜಿಲ್ಲೆಗಳವರೆಗೂ ಇದು ಹಬ್ಬಿದೆ. 2015ರಲ್ಲಿ ಯುನೆಸ್ಕೋ ಇದನ್ನು ಜಾಗತಿಕ ಭೂ ಉದ್ಯಾನಗಳ ಪಟ್ಟಿಗೆ ಸೇರಿಸಿತು.

ಗುಡ್ಡಗಳ ನಡುವಿನ ತಗ್ಗುಗಳಲ್ಲಿ ಕೆಂಪು ಮಣ್ಣು. ಅದು ಕೊಚ್ಚಿ ಹೋಗದಂತೆ ಕಲ್ಲು ಜೋಡಿಸಿ ಕಟ್ಟಿದ ಮೆಟ್ಟಿಲು ಮೆಟ್ಟಿಲಾದ ಹೊಲಗಳು. ಅಲ್ಲಿ ಮಳೆಗಾಲದಲ್ಲಿ ಭತ್ತ, ಜೋಳ, ನೆಲಗಡಲೆ ಬೆಳೆಯುತ್ತಾರೆ. ಆದರೆ ಇಲ್ಲಿನ ಬಡವರ ಕೈ ಹಿಡಿದ ಬೆಳೆ ಮರಗೆಣಸು. ಅದನ್ನು ಹೆಚ್ಚಿ ಒಣಗಿಸಿ ಇಟ್ಟುಕೊಂಡು, ಹಿಟ್ಟು ಮಾಡಿ ಹಬೆಯಲ್ಲಿ ಬೇಯಿಸಿದರೆ 'ತಿವುಲ್' ಸಿದ್ಧ. ಒಂದು ಕಾಲದಲ್ಲಿ ಅನ್ನಕ್ಕೆ ಗತಿಯಿಲ್ಲದವರ ಊಟವಾಗಿದ್ದ ತಿವುಲ್ ಇಂದು ಪ್ರವಾಸಿಗರು ಕೇಳಿ ತಿನ್ನುವ ತಿಂಡಿ. ಇಲ್ಲಿನ ಯುವಕರು ದುಡಿಯಲು ಜಕಾರ್ತಾದಂತಹ ದೊಡ್ಡ ನಗರಗಳಿಗೆ ಹೋಗುತ್ತಾರೆ. ಈದ್ ಬಂತೆಂದರೆ ಬಸ್ಸು, ಬೈಕು ಹತ್ತಿ ಊರಿಗೆ ಮರಳುತ್ತಾರೆ. ಕೊಲ್ಲಿ ರಾಷ್ಟ್ರಗಳಿಂದ ಮಕ್ಕಳು ರಜೆಯಲ್ಲಿ ಬರುವುದನ್ನೇ ಕಾಯುವ ನಮ್ಮ ಕರಾವಳಿಯ ತಾಯಂದಿರಿಗೆ ಆ ಮನೆಗಳ ಸಂಭ್ರಮವನ್ನು ವಿವರಿಸಬೇಕಾಗಿಲ್ಲ.

ಮಳೆ ಬಂದರೂ ನೀರಿಲ್ಲ!

ಗುನುಂಗ್ ಕಿದುಲ್‌ನಲ್ಲಿ ಮಳೆ ಕಡಿಮೆಯೇನಲ್ಲ. ವರ್ಷಕ್ಕೆ ಸುಮಾರು ಎರಡು ಸಾವಿರ ಮಿಲಿಮೀಟರ್ ಬೀಳುತ್ತದೆ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲ. ನಮ್ಮಲ್ಲಿ ಮುಂಗಾರು ಶುರುವಾಗುವ ಹೊತ್ತಿಗೆ ಅಲ್ಲಿ ಒಣಗಾಲ ಶುರುವಾಗಿರುತ್ತದೆ. ಆದರೆ ಇಷ್ಟೆಲ್ಲ ಮಳೆ ಸುರಿದರೂ ಸಾವಿರ ಬೆಟ್ಟಗಳ ನಡುವೆ ಒಂದು ಹೊಳೆಯೂ ಕಾಣಸಿಗುವುದು ಅಪರೂಪ. ಹಾಗಾದರೆ ನೀರು ಎಲ್ಲಿಗೆ ಹೋಗುತ್ತದೆ?

ಉತ್ತರ ಇರುವುದು ಕಲ್ಲಿನಲ್ಲಿ. ಈ ಇಡೀ ಪ್ರದೇಶ ಲಕ್ಷಾಂತರ ವರ್ಷಗಳ ಹಿಂದೆ ಸಮುದ್ರದ ತಳವಾಗಿತ್ತು. ಹವಳ ಮತ್ತು ಚಿಪ್ಪುಜೀವಿಗಳ ಅವಶೇಷಗಳು ಪದರ ಪದರವಾಗಿ ಗಟ್ಟಿಗೊಂಡು ಸುಣ್ಣದ ಕಲ್ಲಾಯಿತು. ಬಳಿಕ ಭೂಮಿ ಮೇಲೆದ್ದು ಬಂತು. ಸುಣ್ಣದ ಕಲ್ಲಿಗೆ ಒಂದು ಗುಣವಿದೆ. ಮಳೆನೀರು ಗಾಳಿಯಿಂದ ಮತ್ತು ಮಣ್ಣಿನಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅತಿ ಸೌಮ್ಯವಾದ ಆಮ್ಲವಾಗುತ್ತದೆ. ಆ ನೀರು ಕಲ್ಲಿನ ಬಿರುಕಿಗೆ ಇಳಿದರೆ ಕಲ್ಲು ನಿಧಾನವಾಗಿ ಕರಗುತ್ತದೆ. ಸಾವಿರಾರು ವರ್ಷಗಳಲ್ಲಿ ಬಿರುಕು ಕೊಳವೆಯಾಗಿ, ಕೊಳವೆ ಗುಹೆಯಾಗಿ, ಗುಹೆಯೊಳಗೆ ನದಿಯೇ ಹರಿಯತೊಡಗುತ್ತದೆ. ಇಂತಹ ಭೂಮಿಯನ್ನು 'ಕಾರ್ಸ್ಟ್' ಎಂದು ಕರೆಯುತ್ತಾರೆ. ಸ್ಲೊವೇನಿಯಾ ಮತ್ತು ಇಟಲಿಯ ಗಡಿಯಲ್ಲಿರುವ ಒಂದು ಪ್ರದೇಶದಿಂದ ಈ ಹೆಸರು ಬಂದಿದೆ. ನಮ್ಮ ಉತ್ತರ ಕನ್ನಡದ ಯಾಣದಲ್ಲಿ ಆಕಾಶಕ್ಕೆ ಚಾಚಿ ನಿಂತ ಶಿಲೆಗಳನ್ನು ನೋಡಿದ್ದೀರಲ್ಲ, ಅವೂ ಸುಣ್ಣದ ಕಲ್ಲನ್ನು ನೀರು ಕೆತ್ತಿ ಮಾಡಿದವುಗಳೇ. ನೀರಿನಲ್ಲಿ ಹೀಗೆ ಕರಗಿದ ಸುಣ್ಣವನ್ನು ಕಾಣಬೇಕಿದ್ದರೆ ಗುನುಂಗ್ ಕಿದುಲ್‌ನ ಅಡುಗೆ ಮನೆಗೆ ಹೋದರೆ ಸಾಕು. ನೀರು ಕುದಿಸುವ ಪಾತ್ರೆಯ ಒಳಭಾಗದಲ್ಲಿ ಬೆಳ್ಳಗಿನ ಪದರ ಕಟ್ಟಿರುತ್ತದೆ.

ಆದ್ದರಿಂದ ಇಲ್ಲಿ ಬಿದ್ದ ಮಳೆ ನೆಲದ ಮೇಲೆ ನಿಲ್ಲುವುದಿಲ್ಲ. ಸ್ಥಳೀಯರು 'ಲುವೆಂಗ್' ಎಂದು ಕರೆಯುವ ಕಡಿದಾದ ಗುಂಡಿಗಳ ಮೂಲಕ, ಕಲ್ಲಿನ ಸೀಳುಗಳ ಮೂಲಕ ಪಾತಾಳ ಸೇರುತ್ತದೆ. ಕೆಲವು ತಗ್ಗುಗಳ ತಳದಲ್ಲಿ ಮಾತ್ರ ಜೇಡಿಮಣ್ಣು ಅಂಟಿಕೊಂಡು ನೀರು ಇಂಗದಂತೆ ತಡೆಯುತ್ತದೆ. ಅಲ್ಲಿ ಕೊಳಗಳಾಗುತ್ತವೆ. ಇವೇ 'ತೆಲಗಾ'ಗಳು. ತಲೆಮಾರುಗಳಿಂದ ಹಳ್ಳಿಯ ಬದುಕು ಈ ಕೊಳಗಳ ಸುತ್ತಲೇ ಇತ್ತು. ಸ್ನಾನ, ಬಟ್ಟೆ ಒಗೆಯುವುದು, ದನಗಳ ಮೈ ತೊಳೆಯುವುದು ಎಲ್ಲಕ್ಕೂ ಅದೇ ನೀರು. ಕುಡಿಯುವುದಕ್ಕೂ ಅದೇ! ಒಣಗಾಲ ಮುಂದುವರಿದಂತೆ ಹೆಚ್ಚಿನ ಕೊಳಗಳು ಬತ್ತಿ ಬಿಡುತ್ತವೆ. ಆಮೇಲೆ ಹೆಂಗಸರು ಕೊಡ ಹೊತ್ತು ಗುಡ್ಡ ಹತ್ತಿಳಿಯಬೇಕು. ಇಲ್ಲವೇ ಟ್ಯಾಂಕರ್ ನೀರನ್ನು ಹಣ ಕೊಟ್ಟು ಕೊಳ್ಳಬೇಕು.

ಕೊಳಗಳ ವಿಷಯದಲ್ಲಿ ಒಂದು ಪಾಠವೂ ಇದೆ. ಹೆಚ್ಚು ನೀರು ನಿಲ್ಲಲಿ ಎಂಬ ಒಳ್ಳೆಯ ಉದ್ದೇಶದಿಂದ ಕೆಲವು ತೆಲಗಾಗಳ ಹೂಳನ್ನು ಯಂತ್ರಗಳಿಂದ ಆಳವಾಗಿ ತೆಗೆಯಲಾಯಿತು. ಆದರೆ ತಳದ ಜೇಡಿಪದರವೇ ಕಿತ್ತು ಹೋದ ಕಡೆ ಇದ್ದ ನೀರೂ ಕೆಳಗಿಳಿದು ಹೋಯಿತು. ಯಾರೂ ಗಮನಿಸದೆ ಇದ್ದ ಒಂದು ಗೇಣು ಕೆಸರೇ ಆ ಹಳ್ಳಿಯ ನೀರನ್ನು ಹಿಡಿದಿಟ್ಟಿತ್ತು!

ಪಾತಾಳಕ್ಕೆ ಇಳಿದ ಅನ್ವೇಷಕರು

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕಾಗಿ ಊರೆಲ್ಲ ಅಲೆದರು ಎಂಬ ಗಾದೆ ನಮ್ಮಲ್ಲಿದೆ. ಆದರೆ ಗುನುಂಗ್ ಕಿದುಲ್‌ನ ಜನರನ್ನು ಹಾಗೆ ಆಡಿಕೊಳ್ಳುವಂತಿಲ್ಲ. ತಮ್ಮ ಕಾಲಡಿಯಲ್ಲಿ ನೀರಿದೆ ಎಂದು ಅವರಿಗೆ ಗೊತ್ತಿತ್ತು. ಕೆಲವು ಗುಹೆಗಳೊಳಗೆ ಪಂಜು ಹಿಡಿದು ಇಳಿದು ನೀರು ಹೊತ್ತು ತರುತ್ತಲೂ ಇದ್ದರು. ಗೊತ್ತಿರದೆ ಇದ್ದದ್ದು ಆ ನೀರು ಎಲ್ಲಿಂದ ಬರುತ್ತದೆ, ಎಷ್ಟಿದೆ, ಎಲ್ಲಿಗೆ ಹೋಗುತ್ತದೆ ಎಂಬುದು.

ಕೊಳವೆ ಬಾವಿ ತೋಡಿದರೆ ಸಾಲದೇ ಎಂದು ನೀವು ಕೇಳಬಹುದು. ಕಾರ್ಸ್ಟ್ ನೆಲದಲ್ಲಿ ಇದು ಜೂಜಾಟ. ಸಾಧಾರಣ ನೆಲದಲ್ಲಿ ನೀರು ಸ್ಪಂಜಿನಲ್ಲಿರುವಂತೆ ಎಲ್ಲೆಡೆ ಹರಡಿರುತ್ತದೆ. ಇಲ್ಲಿ ಮನೆಯ ಗೋಡೆಯೊಳಗೆ ಅಡಗಿದ ಪೈಪಿನಲ್ಲಿರುವಂತೆ ಒಂದೇ ದಾರಿಯಲ್ಲಿ ಹರಿಯುತ್ತದೆ. ಕೊಳವೆ ಬಾವಿ ಆ ದಾರಿಯಿಂದ ಹತ್ತು ಅಡಿ ಆಚೆ ಬಿದ್ದರೂ ಸಿಗುವುದು ಒಣ ಕಲ್ಲಿನ ಪುಡಿ. ಸಾಲ ಮಾಡಿ ಬೋರ್ ಕೊರೆಸಿ ಬರೀ ಧೂಳು ಕಂಡ ನಮ್ಮ ರೈತರಿಗೆ ಈ ಸಂಕಟ ಚೆನ್ನಾಗಿ ಅರ್ಥವಾದೀತು.

ಆದ್ದರಿಂದ ಇಲ್ಲಿ ನೀರು ಹುಡುಕಲು ಇದ್ದ ದಾರಿ ಒಂದೇ. ಮನುಷ್ಯರೇ ಗುಹೆಯೊಳಗೆ ಇಳಿದು ನೋಡುವುದು. ಯೋಗ್ಯಕರ್ತಾದ ಅಂತರ್ಜಲ ಅಧ್ಯಯನದ ಅಂಗವಾಗಿ 1982ರಲ್ಲಿ ಬ್ರಿಟನ್ನಿನ ಗುಹಾನ್ವೇಷಕರ ತಂಡವೊಂದು ಇಲ್ಲಿಗೆ ಬಂತು. ಭೂವಿಜ್ಞಾನಿ ಟೋನಿ ವಾಲ್ಥಮ್ ಮುಂತಾದವರು ಇದರಲ್ಲಿದ್ದರು. ಹಗ್ಗ ಕಟ್ಟಿ ಲುವೆಂಗ್‌ಗಳಿಗೆ ಇಳಿಯುವುದು, ಎದೆಮಟ್ಟದ ನೀರಿನಲ್ಲಿ ನಡೆಯುವುದು, ಟೇಪು ಮತ್ತು ದಿಕ್ಸೂಚಿ ಹಿಡಿದು ಕತ್ತಲಿನ ನಕ್ಷೆ ಬರೆಯುವುದು ಇವರ ಕೆಲಸ. ಒಳಗಿದ್ದಾಗ ಹೊರಗೆ ಜೋರು ಮಳೆ ಬಂದರೆ ಗುಹೆ ತುಂಬಿ ಬಿಡಬಹುದು. ಆದ್ದರಿಂದ ಇಂತಹ ಕೆಲಸಕ್ಕೆ ಒಣಗಾಲವೇ ಆಗಬೇಕು. ಒಣಗಾಲದ ಕೊನೆಯಲ್ಲೂ ಎಲ್ಲಿ ನೀರು ಹರಿಯುತ್ತಿದೆಯೋ ಅದು ಮಾತ್ರ ಜನರ ಬಾಯಾರಿಕೆ ತಣಿಸಬಲ್ಲ ನೀರು.

ನದಿಯ ದಾರಿ ಕಂಡುಹಿಡಿಯಲು ಬಣ್ಣದ ಉಪಾಯವನ್ನೂ ಬಳಸಲಾಗುತ್ತದೆ. ಒಂದು ಗುಹೆಯ ನೀರಿಗೆ ನಿರುಪದ್ರವಿ ಬಣ್ಣ ಬೆರೆಸಿ, ಕಿಲೋಮೀಟರ್‌ಗಟ್ಟಲೆ ದೂರದ ಬುಗ್ಗೆಗಳಲ್ಲಿ ಅದು ಯಾವಾಗ ಕಾಣಿಸುತ್ತದೆಂದು ಕಾಯುವುದು. ಹೀಗೆ ಹುಡುಕುತ್ತಾ ಹೋದಾಗ ಸೆಮಾನು ಪ್ರದೇಶದ ಬ್ರಿಬಿನ್ ಗುಹೆಯ ನದಿಗೂ ದಕ್ಷಿಣದ ಬರೋನ್ ಕಡಲ ತೀರಕ್ಕೂ ಇರುವ ನಂಟು ತಿಳಿಯಿತು.

ಸಮುದ್ರ ಸೇರುವ ಸಿಹಿನೀರು

ಬರೋನ್ ಇಂದು ಹೆಸರಾಂತ ಪ್ರವಾಸಿ ತಾಣ. ಮೀನುಗಾರರ ದೋಣಿಗಳು, ಹುರಿದ ಮೀನಿನ ಅಂಗಡಿಗಳು, ಮಕ್ಕಳ ಗದ್ದಲ. ತೀರದ ಒಂದು ಬದಿಯಲ್ಲಿ ಬಂಡೆಯ ಬುಡದಿಂದ ಒಂದು ಇಡೀ ನದಿಯೇ ಹೊರಬಂದು ಕೆಲವೇ ಹೆಜ್ಜೆ ಹರಿದು ಸಮುದ್ರ ಸೇರುತ್ತದೆ. ತಣ್ಣಗಿನ ಸಿಹಿನೀರು! ಒಣಗಾಲದಲ್ಲೂ ಅದು ನಿಲ್ಲುವುದಿಲ್ಲ. ಪ್ರವಾಸಿಗರ ಮಕ್ಕಳು ಅದರಲ್ಲಿ ಆಡುತ್ತಾರೆ. ಅದೇ ಹೊತ್ತಿಗೆ ಹಿಂದಿನ ಗುಡ್ಡಗಳ ಮೇಲಿನ ಹಳ್ಳಿಗಳಲ್ಲಿ ಜನರು ಟ್ಯಾಂಕರಿನ ದಾರಿ ಕಾಯುತ್ತಿರುತ್ತಾರೆ. ಬರೋನ್‌ನ ಮರಳಿನ ಮೇಲೆ ನಿಂತು ನೋಡಿದಾಗ ಗುನುಂಗ್ ಕಿದುಲ್‌ನ ಕಷ್ಟ ಏನೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಅಲ್ಲಾಹನು ನೀರು ಕೊಟ್ಟಿದ್ದಾನೆ. ಅದು ಮನೆಗೆ ಬರುವ ದಾರಿಯನ್ನು ಮನುಷ್ಯರು ಹುಡುಕಬೇಕಾಗಿದೆ.

ಈ ನೆಲದಡಿಯ ಲೋಕವನ್ನು ಕಣ್ಣಾರೆ ಕಾಣಬಯಸುವವರು ಜೊಂಬ್ಲಾಂಗ್ ಗುಹೆಗೆ ಹೋಗುತ್ತಾರೆ. ಸುಮಾರು 60 ಮೀಟರ್ ಆಳದ ಗುಂಡಿಗೆ ಹಗ್ಗದಲ್ಲಿ ಕಟ್ಟಿ ಇಳಿಸುತ್ತಾರೆ. ಕೆಳಗೆ ಕುಸಿದ ನೆಲದೊಂದಿಗೆ ಇಳಿದು ಉಳಿದುಕೊಂಡ ಹಸಿರು ಕಾಡು. ಅಲ್ಲಿಂದ ಕತ್ತಲ ಸುರಂಗದಲ್ಲಿ ಕೆಸರು ತುಳಿಯುತ್ತಾ ಸಾಗಿದರೆ ಪಕ್ಕದ ಗ್ರುಬುಗ್ ಗುಹೆ. ಮಧ್ಯಾಹ್ನದ ಹೊತ್ತಿಗೆ ಮೇಲಿನ ರಂಧ್ರದಿಂದ ಬಿಸಿಲಿನ ಒಂದು ಕಂಬವೇ ನೇರ ಒಳಗಿಳಿಯುತ್ತದೆ. ಸ್ಥಳೀಯರು ಅದನ್ನು ಸ್ವರ್ಗದ ಬೆಳಕು ಎನ್ನುತ್ತಾರೆ. ಬದಿಯಲ್ಲೇ ನೆಲದಡಿಯ ನದಿ ಭೋರ್ಗರೆಯುತ್ತಿರುತ್ತದೆ. ಕೆಲವು ಕಲ್ಲುಗಳು ಸೀಳಿ ಅವುಗಳಿಂದ ನೀರು ಹೊರಬರುವ ಬಗ್ಗೆ ಪವಿತ್ರ ಕುರ್‌ಆನ್‌ನಲ್ಲಿ ಪ್ರಸ್ತಾಪವಿದೆ. ಇಂತಹ ಜಾಗದಲ್ಲಿ ನಿಂತವರಿಗೆ ಅದು ನೆನಪಾಗದೆ ಇರಲಾರದು.

ನದಿಯೇ ನೀರೆತ್ತಿತು

ನೀರಿದೆ ಎಂದು ತಿಳಿದ ಮೇಲೆ ಅದನ್ನು ಮೇಲೆತ್ತುವ ಪ್ರಶ್ನೆ. ಬ್ರಿಬಿನ್‌ನಲ್ಲಿ ಮೊದಲು ಪಂಪುಗಳನ್ನಿಟ್ಟು ನೀರೆತ್ತಲಾಯಿತು. ಆದರೆ ನೂರಾರು ಅಡಿ ಆಳದಿಂದ ಎತ್ತಿ ಗುಡ್ಡದ ಮೇಲಿನ ಟ್ಯಾಂಕಿಗೆ ತಲುಪಿಸುವ ಖರ್ಚು ಬಡ ಜಿಲ್ಲೆಗೆ ಬಲು ಭಾರವಾಗಿತ್ತು. ಆಗ ಜರ್ಮನಿಯ ಕಾರ್ಲ್ಸ್‌ರೂಹ ವಿಶ್ವವಿದ್ಯಾಲಯದ ಪ್ರೊಫೆಸರ್ ಫ್ರಾಂಜ್ ನೆಸ್ಟ್‌ಮನ್ ಅವರ ತಂಡ ಇಂಡೋನೇಷ್ಯಾದವರ ಜೊತೆಗೂಡಿ ಒಂದು ಯೋಜನೆ ರೂಪಿಸಿತು. ನದಿಯ ಬಲದಿಂದಲೇ ನದಿಯ ನೀರನ್ನು ಎತ್ತಿದರೆ ಹೇಗೆ ಎಂಬುದೇ ಅದರ ಸಾರ.

2000ದ ದಶಕದ ಆರಂಭದಲ್ಲಿ ಕೆಲಸ ಶುರುವಾಯಿತು. ಮೊದಲು ಮೇಲಿನಿಂದ ಗುಹೆಯವರೆಗೆ ಸುಮಾರು 100 ಮೀಟರ್ ಆಳದ ನೇರ ಬಾವಿಯನ್ನು ಕೊರೆಯಲಾಯಿತು. ಆ ಬಾವಿಯ ಮೂಲಕ ಸಿಮೆಂಟು, ಕಬ್ಬಿಣ, ಯಂತ್ರಗಳನ್ನು ಇಳಿಸಿ ಗುಹೆಯೊಳಗೆ ನದಿಗೆ ಅಡ್ಡಲಾಗಿ ಕಾಂಕ್ರೀಟು ಗೋಡೆ ಕಟ್ಟಲಾಯಿತು. ಹೊರಗಿನಿಂದ ನೋಡಿದರೆ ಅಲ್ಲಿ ಅಣೆಕಟ್ಟು ಇದೆಯೆಂದೇ ತಿಳಿಯದು. ಕೆಲಸದ ನಡುವೆಯೇ 2006ರ ಮೇ 27ರಂದು ಯೋಗ್ಯಕರ್ತಾ ಪ್ರದೇಶದಲ್ಲಿ ಭೀಕರ ಭೂಕಂಪ ಸಂಭವಿಸಿ ಐದು ಸಾವಿರಕ್ಕೂ ಹೆಚ್ಚು ಮಂದಿ ಸಾವಿಗೀಡಾದರು. ಅದನ್ನೂ ದಾಟಿ ಕಾಮಗಾರಿ ಮುಂದುವರಿಯಿತು. 2008ರಲ್ಲಿ ಪರೀಕ್ಷಾರ್ಥವಾಗಿ ನೀರು ತುಂಬಿಸಿ ನೋಡಲಾಯಿತು. 2010ರಲ್ಲಿ ಇದನ್ನು ಇಂಡೋನೇಷ್ಯಾಕ್ಕೆ ಹಸ್ತಾಂತರಿಸಲಾಯಿತು.

ಇದರ ಕ್ರಮ ಸರಳ. ಗೋಡೆಯ ಹಿಂದೆ ನೀರಿನ ಮಟ್ಟ ಏರುತ್ತದೆ. ಅಲ್ಲಿಂದ ಧುಮ್ಮಿಕ್ಕುವ ನೀರು, ತಿರುಗುಮುರುಗಾಗಿ ಅಳವಡಿಸಿದ ಪಂಪುಗಳನ್ನು ತಿರುಗಿಸುತ್ತದೆ. ಅಂದರೆ ಪಂಪೇ ಇಲ್ಲಿ ಟರ್ಬೈನು. ಅದಕ್ಕೆ ಜೋಡಿಸಿದ ಇನ್ನೊಂದು ಪಂಪು ನೀರಿನ ಒಂದು ಪಾಲನ್ನು 200 ಮೀಟರಿಗೂ ಹೆಚ್ಚು ಎತ್ತರದ ಟ್ಯಾಂಕಿಗೆ ಏರಿಸುತ್ತದೆ. ಉಳಿದ ನೀರು ತನ್ನ ಪಾಡಿಗೆ ಬರೋನ್‌ನತ್ತ ಹರಿಯುತ್ತದೆ. ನೀರೆತ್ತಲು ಡೀಸೆಲ್ ಬೇಡ, ಹೊರಗಿನ ಕರೆಂಟು ಬೇಡ. ಎಂಜಿನಿಯರಿಂಗ್ ಪದವೀಧರರಿಗಷ್ಟೇ ಅಲ್ಲದೆ ಹಳ್ಳಿಯ ಮೆಕ್ಯಾನಿಕ್‌ಗೂ ಪಂಪಿನ ಪರಿಚಯ ಇರುತ್ತದೆ ಎಂಬುದೂ ಈ ಆಯ್ಕೆಗೆ ಕಾರಣವಾಗಿತ್ತು. ಸುಮಾರು 80 ಸಾವಿರ ಜನರಿಗೆ ನೀರು ತಲುಪಿಸುವುದು ಯೋಜನೆಯ ಗುರಿ.

ಹಾಗೆಂದು ಎಲ್ಲ ಕಷ್ಟಗಳೂ ಮುಗಿದವು ಎನ್ನುವಂತಿಲ್ಲ. 2017ರ ನವೆಂಬರ್ ಕೊನೆಯಲ್ಲಿ 'ಚೆಂಪಕಾ' ಚಂಡಮಾರುತ ಜಾವಾದ ದಕ್ಷಿಣ ತೀರಕ್ಕೆ ಸಮೀಪಿಸಿದಾಗ ಗುನುಂಗ್ ಕಿದುಲ್‌ನಲ್ಲಿ ಹಿಂದೆಂದೂ ಕಾಣದ ನೆರೆ ಬಂತು. ನೆಲದಡಿಯ ನದಿಯೂ ಉಕ್ಕಿ ಬ್ರಿಬಿನ್‌ನ ಯಂತ್ರಗಳು ನೀರು, ಕೆಸರಿನಲ್ಲಿ ಮುಳುಗಿದವು. ಪೂರೈಕೆಗೆ ಧಕ್ಕೆಯಾಯಿತು. 2019 ಮತ್ತು 2023ರ ಒಣಗಾಲದಲ್ಲಿ ಮತ್ತೆ ಹಳ್ಳಿಗಳಿಗೆ ಟ್ಯಾಂಕರ್‌ಗಳು ಓಡಿದವು. ಒಂದು ಯಂತ್ರ ಕೂರಿಸಿ ರಿಬ್ಬನ್ ಕತ್ತರಿಸಿದರೆ ನೀರಿನ ಕೆಲಸ ಮುಗಿಯುವುದಿಲ್ಲ. ಪ್ರತಿ ವರ್ಷವೂ ಅದನ್ನು ಕಾಯುವ, ರಿಪೇರಿ ಮಾಡುವ ಕೈಗಳು ಬೇಕು.

ಪಕ್ಕದ ವೊನೊಗಿರಿ ಜಿಲ್ಲೆಯ ಪುಚುಂಗ್ ಹಳ್ಳಿಯ ಕತೆ ಈ ದೃಷ್ಟಿಯಿಂದ ಸ್ವಾರಸ್ಯಕರ. ಅಲ್ಲಿ ದೊಡ್ಡ ಯೋಜನೆ ಇರಲಿಲ್ಲ. ಸುರಕರ್ತಾದ ಮುಹಮ್ಮದಿಯಾ ವಿಶ್ವವಿದ್ಯಾಲಯದ ಭೂಗೋಳ ವಿದ್ಯಾರ್ಥಿಗಳ ಗುಹಾನ್ವೇಷಣೆಯ ಬಳಗವೊಂದು ಹಳ್ಳಿಯ ಸುತ್ತಲಿನ ಗುಹೆಗಳಿಗಿಳಿದು ನೀರು ಹುಡುಕಿತು. ಸುರುಹ್ ಎಂಬ ಗುಹೆಯ ನೀರನ್ನು ಎತ್ತಲು ಊರವರು ಅವರೊಂದಿಗೆ ಕೈಜೋಡಿಸಿದರು. ಹಳ್ಳಿಗೆ ನೀರು ಬಂತು. ಓದಿದ ವಿದ್ಯೆ ಬಾಯಾರಿದವರಿಗೆ ನೀರಾಗಿ ತಲುಪುವುದಕ್ಕಿಂತ ದೊಡ್ಡ ಪದವಿ ಪ್ರದಾನ ಬೇರೆ ಯಾವುದಿದೆ?

ಮೇಲೆ ಎಸೆದದ್ದು ಕೆಳಗೆ ಸಿಗುತ್ತದೆ

ಗುನುಂಗ್ ಕಿದುಲ್‌ನ ನೀರಿಗೆ ಇನ್ನೊಂದು ಅಪಾಯವಿದೆ. ಸಾಮಾನ್ಯ ನೆಲದಲ್ಲಿ ಮಳೆನೀರು ಮಣ್ಣು, ಮರಳಿನ ಮೂಲಕ ನಿಧಾನವಾಗಿ ಇಳಿಯುವಾಗ ಸೋಸಿಕೊಳ್ಳುತ್ತದೆ. ಕಾರ್ಸ್ಟ್‌ನಲ್ಲಿ ಆ ಸೋಸುವಿಕೆ ಇಲ್ಲ. ಗುಂಡಿಯ ಬಾಯಿಗೆ ಎಸೆದ ಕಸ, ಕೊಟ್ಟಿಗೆಯ ಗಂಜಲ, ಶೌಚಾಲಯದ ಸೋರಿಕೆ ಎಲ್ಲವೂ ಮಳೆಯೊಂದಿಗೆ ನೇರವಾಗಿ ನದಿಗೆ ಇಳಿಯುತ್ತವೆ. ಒಂದು ಹಳ್ಳಿಯವರು ಎಸೆದದ್ದನ್ನು ಇನ್ನೊಂದು ಹಳ್ಳಿಯವರು ನಲ್ಲಿಯಲ್ಲಿ ಪಡೆಯುತ್ತಾರೆ. ಆದ್ದರಿಂದ ಇಲ್ಲಿನ ನೀರನ್ನು ಸೋಸಿ, ಶುದ್ಧೀಕರಿಸಿ, ಕುದಿಸಿಯೇ ಕುಡಿಯಬೇಕು. ಮೇಲಿನ ಗುಡ್ಡದ ಕಾಡು, ತಗ್ಗಿನ ಶುಚಿತ್ವ, ಕೆಳಗಿನ ನೀರು ಈ ಮೂರೂ ಬೇರೆ ಬೇರೆಯಲ್ಲ.

ಜನರು ನೀರಿಗಾಗಿ ಬರುವ ತಾಣಗಳಲ್ಲಿ ಮಲವಿಸರ್ಜನೆ ಮಾಡುವುದನ್ನು ಪ್ರವಾದಿ ಮುಹಮ್ಮದ್(ಸ) ಹದಿನಾಲ್ಕು ಶತಮಾನಗಳ ಹಿಂದೆಯೇ ಕಟ್ಟುನಿಟ್ಟಾಗಿ ತಡೆದಿದ್ದರು. ಈ ನಾಡಿನಲ್ಲಿ ಆ ಬೋಧನೆಯ ಅರ್ಥ ಇನ್ನಷ್ಟು ವಿಸ್ತಾರವಾಗಿ ತೆರೆದುಕೊಳ್ಳುತ್ತದೆ. ಏಕೆಂದರೆ ಇಲ್ಲಿ ಇಡೀ ನೆಲವೇ ಬಾವಿಯ ಕಟ್ಟೆ.

ಒಣಗಾಲ ದೀರ್ಘವಾದಾಗ ಗುನುಂಗ್ ಕಿದುಲ್‌ನ ಜನರು ಬಯಲಿನಲ್ಲಿ ಸೇರಿ ಮಳೆಗಾಗಿ ಇಸ್ತಿಸ್ಕಾ ನಮಾಝ್ ಮಾಡುತ್ತಾರೆ. ಅದೇ ಜನರು ಗುಹೆಗೆ ಹಗ್ಗ ಇಳಿಸುತ್ತಾರೆ, ಪೈಪು ಹೊರುತ್ತಾರೆ, ಸೂರಿನ ನೀರನ್ನು ತೊಟ್ಟಿಯಲ್ಲಿ ಹಿಡಿದಿಡುತ್ತಾರೆ. ಪ್ರಾರ್ಥನೆಗೂ ಪ್ರಯತ್ನಕ್ಕೂ ಅಲ್ಲಿ ಜಗಳವಿಲ್ಲ.

ನಮ್ಮ ಕಾಸರಗೋಡು, ಬಂಟ್ವಾಳದ ಕಡೆಯ ಹಿರಿಯರು ಮುರಕಲ್ಲಿನ ಗುಡ್ಡಗಳಲ್ಲಿ ಸುರಂಗ ತೋಡಿ, ಕರೆಂಟಿಲ್ಲದೆ ನೀರನ್ನು ಅಂಗಳಕ್ಕೆ ತಂದವರು. ಕಲ್ಲು ಬೇರೆ, ದೇಶ ಬೇರೆ. ಆದರೆ ನೆಲದ ಗುಣ ಅರಿತು ನೀರು ಪಡೆಯುವ ಜಾಣ್ಮೆ ಒಂದೇ. ಇಂದು ಆ ಸುರಂಗಗಳಲ್ಲಿ ಹಲವು ಪಾಳು ಬಿದ್ದಿವೆ. ನಮ್ಮ ಮನೆಯ ಬಾವಿ, ಊರಿನ ಕೆರೆ, ಮಸೀದಿಯ ಹೌಝ್‌ಗಳ ನೀರು ಎಲ್ಲಿಂದ ಬರುತ್ತದೆ ಎಂದು ನಮ್ಮ ಮಕ್ಕಳಿಗೆ ಗೊತ್ತಿದೆಯೇ?

ಮದೀನಾದಲ್ಲಿ ನೀರನ್ನು ಹಣಕ್ಕೆ ಕೊಳ್ಳಬೇಕಾಗಿದ್ದ ಕಾಲದಲ್ಲಿ ಹಝ್ರತ್ ಉಸ್ಮಾನ್(ರ) ರೂಮಾ ಬಾವಿಯನ್ನು ಖರೀದಿಸಿ ಎಲ್ಲರಿಗಾಗಿ ಬಿಟ್ಟುಕೊಟ್ಟರು. ನೀರು ಕೊಡುವುದು ಸದಕಃ ಜಾರಿಯಾ ಎಂದು ನಾವೆಲ್ಲ ಕೇಳಿ ಬೆಳೆದವರು. ಬಾವಿ ತೋಡಿಸುವುದಷ್ಟೇ ಅಲ್ಲ, ಇರುವ ಬಾವಿಗೆ ಕಸ ಬೀಳದಂತೆ ನೋಡಿಕೊಳ್ಳುವುದು, ಕೆಟ್ಟ ಪಂಪನ್ನು ರಿಪೇರಿ ಮಾಡಿಸುವುದು, ವುಝೂ ಮಾಡುವಾಗ ನಲ್ಲಿಯನ್ನು ಅರ್ಧ ತಿರುಗಿಸುವುದು ಕೂಡಾ ಅದರಲ್ಲಿ ಸೇರುತ್ತದೆ ಎಂಬುದನ್ನು ಗುನುಂಗ್ ಕಿದುಲ್‌ನ ಆ ಸಾವಿರ ಬೆಟ್ಟಗಳು ನೆನಪಿಸುತ್ತವೆ.